ಯಾರಿದ್ದೀರಿ ಒಳಗೆ?

ಹಾಜರಿ ಪುಸ್ತಕದಲ್ಲಿ ಸಹಿ ಇದ್ದ ಮಾತ್ರಕ್ಕೆ ಮನುಷ್ಯ ಕುರ್ಚಿಯಲ್ಲಿದ್ದಾನೆಂದು ನಂಬುವವರು ಸರಕಾರಿ ಕಚೇರಿಯನ್ನು ಹೊರಗಿನಿಂದ ಮಾತ್ರ ನೋಡಿದವರಾಗಿರಬೇಕು. ಸಹಿ ಬೆಳಗಿನದು, ಕುರ್ಚಿಯ ಬೆನ್ನಿಗೆ ತೂಗುಹಾಕಿದ ಸ್ವೆಟರು ನಿನ್ನೆಯದು, ಮೇಜಿನ ಮೇಲಿನ ಕನ್ನಡಕವಂತೂ ಯಾವ ಕಾಲದ್ದೋ ದೇವರೇ ಬಲ್ಲ. ಆಸಾಮಿ ಇದ್ದಾನೆಯೇ ಇಲ್ಲವೇ ಎಂಬುದು ತಿಳಿಯಬೇಕಾದರೆ ಎದ್ದುಹೋಗಿ ಮೇಜಿನಿಂದ ಮೇಜಿಗೆ ಕೂಗುತ್ತ ಹೋಗಬೇಕು. ಕೂಗಿದರೂ ಕೆಲವರು ಓಗೊಡುವುದಿಲ್ಲ. ಓಗೊಡಲಿಲ್ಲವೆಂದು ಅವರು ಇಲ್ಲವೇ ಇಲ್ಲವೆಂದು ಬರೆದುಕೊಂಡು ಬಂದರೆ, ಕಪಾಟಿನ ಹಿಂದಿನಿಂದ ಎದ್ದು ಬಂದು ಜಗಳ ಕಾಯುತ್ತಾರೆ. ಗುಮಾಸ್ತಗಿರಿಯಲ್ಲಿ ನಮಗೆ ದೊರೆತ ಈ ವಿದ್ಯೆ ಮನೆಯ ಕಂಪ್ಯೂಟರಿನ ವಿಷಯದಲ್ಲಿ ಇಷ್ಟು ಉಪಯೋಗಕ್ಕೆ ಬಂದ ಬಗೆಯನ್ನು ವಾಚಕರ ಮುಂದಿಡೋಣವೆಂದು ಈ ಲೇಖನ.

ಈಗ ಪರಸ್ಥಳದಲ್ಲಿರುವ ನಮ್ಮವರ ಮನೆಗಳಲ್ಲಿ ನಲ್ಲಿಯಿರುವಂತೆ ವೈ-ಫೈಯೂ ಉಂಟು. ಊರಿನ ಸುದ್ದಿ, ಊರಿನವರ ಮುಖ, ಮದುವೆಯ ಕರೆಯೋಲೆ, ಕನ್ನಡ ಪತ್ರಿಕೆ ಎಲ್ಲವೂ ಬರುವುದು ಆ ದಾರಿಯಿಂದಲೇ. ಹೊರಗಿನಿಂದ ಒಂದು ತಂತಿ ಬರುತ್ತದೆ. ಗೋಡೆಗೆ ಅಂಟಿದ ರೌಟರ್ ಎಂಬ ಡಬ್ಬಿಯೊಳಗೆ ಅದು ಸೇರುತ್ತದೆ. ಅಲ್ಲಿಂದ ಮನೆಯ ಯಂತ್ರಗಳಿಗೆಲ್ಲ ಹಂಚಿಕೆಯಾಗುತ್ತದೆ. ಡಬ್ಬಿಯ ಈಚೆಗಿರುವುದು ನಮ್ಮ ಮನೆಯ ಸ್ಥಳೀಯ ಜಾಲ, ಆಚೆಗಿರುವುದು ಲೋಕ. ಲೋಕದ ಲೆಕ್ಕ ನಮಗೆ ಬೇಡ. ನಮ್ಮ ಜಾಲದೊಳಗೆ ಈ ಗಳಿಗೆಯಲ್ಲಿ ಎಷ್ಟು ಯಂತ್ರಗಳು ಎಚ್ಚರವಾಗಿವೆ? ಪಂಕ್ತಿಗೆ ಎಲೆ ಹಾಕುವ ಮೊದಲು ತಲೆ ಎಣಿಸುವಂತೆ ಇದನ್ನೊಮ್ಮೆ ಎಣಿಸಿ ನೋಡಿದವರು ನಮ್ಮ ಪರಿಚಯದವರಲ್ಲಿ ಬಹಳ ಕಡಮೆ.

ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಲೆಕ್ಕ ಹೀಗಿತ್ತು: ರೌಟರ್ ಒಂದು, ಹಳೆಯ ಕಂಪ್ಯೂಟರ್ ಒಂದು, ನಮ್ಮ ಫೋನು, ನಮ್ಮ ಮನೆಯವರ ಫೋನು, ತಾಯಿಯವರ ಫೋನು, ಮಗನ ಪಾಠದ ಟ್ಯಾಬ್ಲೆಟ್ಟು, ಟೆಲಿವಿಷನ್, ಅಚ್ಚುಹಾಕುವ ಪ್ರಿಂಟರು. ಒಟ್ಟು ಎಂಟು. ಇದನ್ನು ಬೆರಳು ಮಡಿಸಿ ಎಣಿಸಿದ್ದೇ ಹೊರತು ಯಂತ್ರವನ್ನು ಕೇಳಿ ಬರೆದದ್ದಲ್ಲ.

ಕೇಳುವ ಸಂದರ್ಭ ಬಂದದ್ದು ಲಿನಕ್ಸಿನಿಂದ. ೨೦೨೫ರ ಅಕ್ಟೋಬರಿನಲ್ಲಿ ವಿಂಡೋಸ್ ೧೦ಕ್ಕೆ ಅದರ ಕಂಪೆನಿಯವರ ಸಾಮಾನ್ಯ ಬೆಂಬಲ ಮುಗಿಯಿತು. ನಮ್ಮ ಕಂಪ್ಯೂಟರಿಗೆ ಒಂಬತ್ತು ವರ್ಷ. ಹೊಸ ವಿಂಡೋಸ್ ಅದನ್ನು ಒಲ್ಲೆನೆಂದಿತು. ಹಾಗೆಂದು ಒಳ್ಳೆಯ ಯಂತ್ರವನ್ನು ಗುಜರಿಯವನ ತಕ್ಕಡಿಗೆ ಹಾಕುವುದಕ್ಕೆ ಮನಸ್ಸು ಬರಲಿಲ್ಲ. ಲಿನಕ್ಸಿನ ತಿರುಳನ್ನು ೧೯೯೧ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬ ಹೆಲ್ಸಿಂಕಿಯ ವಿದ್ಯಾರ್ಥಿ ಬರೆಯತೊಡಗಿದನು; ಇಂದಿಗೂ ಅದು ದುಡ್ಡಿಲ್ಲದೆ ದೊರೆಯುತ್ತದೆ. ಅದರ ಮಿಂಟ್ ಎಂಬ ತಳಿಯನ್ನು ತಂದು ಹಾಕಿದೆವು. ಮುದುಕನಿಗೆ ಹೊಸ ಹಲ್ಲು ಕಟ್ಟಿಸಿದಂತಾಯಿತು. ನಾವು ಬಿ.ಎ. ಮಾಡಿದವರು, ಅದರಲ್ಲಿಯೂ ಇತಿಹಾಸ ಓದಿದವರು. ಆದರೂ ಕಪ್ಪು ಪರದೆಯ ಮೇಲೆ ಆಜ್ಞೆಯನ್ನು ಬರೆದು ಉತ್ತರ ಪಡೆಯುವ ಈ ಪದ್ಧತಿ ನಮಗೆ ಬಹಳ ಹಿಡಿಸಿತು. ಕಚೇರಿಯ ಟಿಪ್ಪಣಿಯಂತೆಯೇ ಇದೂ: ಕೇಳಿದಷ್ಟಕ್ಕೆ ಉತ್ತರ, ಹೆಚ್ಚಿಗೆ ಒಂದು ಮಾತಿಲ್ಲ.

ಒಂದು ಶನಿವಾರ ರೌಟರಿನ ಪಟ್ಟಿಯನ್ನು ತೆರೆದು ನೋಡಿದಾಗ ಅಲ್ಲಿ ಒಂಬತ್ತು ಹೆಸರುಗಳಿದ್ದುವು.

ಈ ಪಟ್ಟಿಯೇನೆಂಬುದನ್ನು ಮೊದಲು ಹೇಳಬೇಕು. ಜಾಲಕ್ಕೆ ಬರುವ ಪ್ರತಿಯೊಂದು ಯಂತ್ರಕ್ಕೂ ರೌಟರು ಒಂದು ವಿಳಾಸ ಕೊಡುತ್ತದೆ. ಮನೆಗಳಲ್ಲಿ ಅದು ಸಾಮಾನ್ಯವಾಗಿ ೧೯೨.೧೬೮ ಎಂದು ಮೊದಲಾಗುತ್ತದೆ. ಖಾಸಗಿ ಜಾಲಗಳು ಬಳಸಿಕೊಳ್ಳಲೆಂದು ಈ ವಿಳಾಸಗಳನ್ನು ತೆಗೆದಿಟ್ಟ ವಿಷಯ ೧೯೯೬ರ ಒಂದು ಪ್ರಸಿದ್ಧ ದಸ್ತಾವೇಜಿನಲ್ಲಿದೆ. ಊರೂರಿಗೂ ಒಂದು ಗಾಂಧಿ ರಸ್ತೆ ಇರುವಂತೆ ಮನೆಮನೆಗೂ ಒಂದು ೧೯೨.೧೬೮ ಇದ್ದರೆ ಯಾರಿಗೂ ತೊಂದರೆಯಿಲ್ಲ. ಆ ವಿಳಾಸ ಶಾಶ್ವತವಲ್ಲ, ಗೇಣಿಗೆ ಕೊಟ್ಟದ್ದು. ನಮ್ಮ ಡಬ್ಬಿಯಲ್ಲಿ ಗೇಣಿಯ ಅವಧಿ ೨೪ ಗಂಟೆ. (ಉಳುವವನೇ ಒಡೆಯನೆಂಬ ಕಾಯಿದೆ ಈ ರಾಜ್ಯಕ್ಕೆ ಇನ್ನೂ ಬಂದಿಲ್ಲ.) ಗೇಣಿ ಪಡೆದ ಯಂತ್ರ ಹತ್ತು ನಿಮಿಷ ಇದ್ದು ಹೋದರೂ ಅದರ ಹೆಸರು ಮಾರನೆಯ ದಿನದವರೆಗೆ ಪಟ್ಟಿಯಲ್ಲಿ ಉಳಿದಿರುತ್ತದೆ. ಎಂದರೆ ಇದು ಹಾಜರಿ ಪುಸ್ತಕದ ಸಹಿ. ಒಂಬತ್ತನೆಯವನು ಶುಕ್ರವಾರ ಎಂದೋ ಬಂದು ಸಹಿ ಮಾಡಿದ್ದಾನೆ. ಈಗ ಕುರ್ಚಿಯಲ್ಲಿದ್ದಾನೋ ಇಲ್ಲವೋ ಪುಸ್ತಕ ಹೇಳಲಾರದು.

ಆದುದರಿಂದ ಮೇಜಿನಿಂದ ಮೇಜಿಗೆ ಹೋಗಿ ಕೂಗಬೇಕಾಯಿತು.

ಕೂಗುವುದಕ್ಕೆ ಎಲ್ಲರಿಗೂ ಗೊತ್ತಿರುವ ಉಪಾಯ ‘ಪಿಂಗ್’. ಇದನ್ನು ೧೯೮೩ರ ಡಿಸೆಂಬರಿನಲ್ಲಿ ಅಮೆರಿಕದ ಸೈನ್ಯದ ಒಂದು ಸಂಶೋಧನಾಲಯದಲ್ಲಿದ್ದ ಮೈಕ್ ಮೂಸ್ ಎಂಬ ಮಹನೀಯರು ಒಂದು ಸಂಜೆಯಲ್ಲಿ ಬರೆದರು. ಜಲಾಂತರ್ಗಾಮಿಗಳು ನೀರಿನೊಳಗೆ ಸದ್ದು ಬಿಟ್ಟು ಮಾರ್ದನಿಯನ್ನು ಆಲಿಸುತ್ತವಷ್ಟೆ. ಆ ಸದ್ದಿನ ಹೆಸರನ್ನೇ ಇದಕ್ಕೂ ಇಟ್ಟರು. ಒಂದು ವಿಳಾಸಕ್ಕೆ ಪಿಂಗ್ ಕಳುಹಿಸಿದರೆ ಅಲ್ಲಿರುವ ಯಂತ್ರ ಅದನ್ನೇ ಮರಳಿ ಕಳುಹಿಸುತ್ತದೆ. ಹೋಗಿ ಬರುವುದಕ್ಕೆ ಸೆಕೆಂಡಿನ ಎಷ್ಟನೆಯ ಪಾಲು ಹಿಡಿಯಿತೆಂಬುದೂ ತೆರೆಯ ಮೇಲೆ ಬೀಳುತ್ತದೆ. ಬಹು ಸರಳ. ಆದರೆ ಪಿಂಗಿಗೆ ಉತ್ತರ ಕೊಡುವುದು ಸೌಜನ್ಯವೇ ಹೊರತು ನಿರ್ಬಂಧವಲ್ಲ. ಇಂದಿನ ಅನೇಕ ಯಂತ್ರಗಳು ಕಾವಲಿನ ಗೋಡೆಯನ್ನು ಹಾಕಿಕೊಂಡು, ಅಪರಿಚಿತ ಪಿಂಗ್ ಬಂದರೆ ಕೇಳಿಸದಂತೆ ಕುಳಿತುಬಿಡುತ್ತವೆ. ವಿಂಡೋಸ್ ಯಂತ್ರಗಳಲ್ಲಿ ಇದು ಸರ್ವೇಸಾಧಾರಣ. ನಾವು ಒಂಬತ್ತನೆಯ ವಿಳಾಸಕ್ಕೆ ಪಿಂಗ್ ಕಳುಹಿಸಿದೆವು, ಉತ್ತರವಿಲ್ಲ. ಇದರಿಂದ ಆ ಯಂತ್ರ ಇಲ್ಲವೆಂದು ಸಿದ್ಧವಾಯಿತೇ? ಕಪಾಟಿನ ಹಿಂದಿರುವವರನ್ನು ಬಲ್ಲ ನಮಗೆ ಹಾಗೆ ತೋರಲಿಲ್ಲ.

ಇನ್ನೊಂದು ಬಗೆಯ ಕೂಗು ಉಂಟು. ಅದಕ್ಕೆ ‘ಆರ್ಪ್’ ಎಂದು ಹೆಸರು. ೧೯೮೨ರ ನವೆಂಬರಿನಲ್ಲಿ ಡೇವಿಡ್ ಪ್ಲಮ್ಮರ್ ಎಂಬವರು ಇದರ ಕ್ರಮವನ್ನು ಬರೆದು ಪ್ರಕಟಿಸಿದರು. ಮುಂಬಯಿಯ ಹಳೆಯ ಚಾಳುಗಳಲ್ಲಿ ಇದ್ದವರಿಗೆ ಇದು ಕೂಡಲೇ ತಿಳಿದೀತು. ಉದ್ದನೆಯ ಪಡಸಾಲೆಯ ಒಂದು ತುದಿಯಲ್ಲಿ ನಿಂತು ಅಂಚೆಯವನು, “ಹನ್ನೆರಡನೆಯ ನಂಬರಿನವರು ಯಾರು?” ಎಂದು ಕೂಗುತ್ತಾನೆ. ಕೂಗು ಎಲ್ಲ ಬಾಗಿಲಿಗೂ ಮುಟ್ಟುತ್ತದೆ. ಆದರೆ ಹನ್ನೆರಡನೆಯವರೊಬ್ಬರೇ ಹೊರಗೆ ಬಂದು, “ನಾವು” ಎನ್ನುತ್ತಾರೆ. ಆರ್ಪ್ ಕೂಗುವುದೂ ಹೀಗೆಯೇ: “೧೯೨.೧೬೮.೧.೧೨ ಯಾರು? ನಿಮ್ಮ ನಿಜವಾದ ಗುರುತು ಹೇಳಿ.” ಇದಕ್ಕೆ ಉತ್ತರ ಕೊಡದೆ ಇರುವಂತಿಲ್ಲ. ಏಕೆಂದರೆ ಉತ್ತರ ಕೊಡದವರಿಗೆ ಕಾಗದ ಮುಟ್ಟುವುದೇ ಇಲ್ಲ. ಪಿಂಗಿಗೆ ಬಾಗಿಲು ಮುಚ್ಚಿದ ಯಂತ್ರವೂ ಆರ್ಪಿಗೆ ಕಿಟಕಿಯಲ್ಲಿ ಮುಖ ತೋರಿಸಲೇಬೇಕು; ಇಲ್ಲವಾದರೆ ರೌಟರಿನಿಂದ ಅದಕ್ಕೆ ಒಂದಕ್ಷರವೂ ಬಾರದು. ಜಾಲದಲ್ಲಿದ್ದು ಉಪಯೋಗ ಪಡೆಯಬೇಕೆಂಬ ಆಶೆಯೇ ಯಂತ್ರವನ್ನು ಬಯಲಿಗೆಳೆಯುತ್ತದೆಂಬುದು ನಮಗೆ ಬಹಳ ಸ್ವಾರಸ್ಯವಾಗಿ ತೋರಿತು. ಈ ಕೂಗು ಒಂದು ಚಾಳಿನಿಂದ ಇನ್ನೊಂದು ಚಾಳಿಗೆ ಕೇಳಿಸುವುದಿಲ್ಲವೆಂಬುದನ್ನೂ ಹೇಳಬೇಕು. ರೌಟರು ಅದನ್ನು ದಾಟಗೊಡುವುದಿಲ್ಲ. ನಮ್ಮ ಮನೆಯಲ್ಲಿ ಕೂಗಿದರೆ ಗದಗಿನಲ್ಲಿರುವ ಅಣ್ಣನ ಮನೆಯ ಕಂಪ್ಯೂಟರು ಎಚ್ಚರಗೊಳ್ಳದು.

ಒಂದೊಂದು ವಿಳಾಸಕ್ಕೂ ಪ್ರತ್ಯೇಕವಾಗಿ ಕೂಗುತ್ತ ಕುಳಿತರೆ ಸಂಜೆಯಾದೀತು. ನಮ್ಮ ಜಾಲದಲ್ಲಿ ವಿಳಾಸಗಳು ಒಟ್ಟು ೨೫೬. ಮೊದಲಿನದು ಜಾಲದ ಹೆಸರಿಗೆ, ಕೊನೆಯದು ಎಲ್ಲರನ್ನೂ ಒಟ್ಟಿಗೆ ಕರೆಯುವುದಕ್ಕೆ; ಉಳಿದದ್ದು ೨೫೪ ಬಾಗಿಲು. ಇವನ್ನೆಲ್ಲ ಒಂದು ಉಸಿರಿನಲ್ಲಿ ತಟ್ಟಿ ಬರುವ ತಂತ್ರಾಂಶವೇ ‘ಎನ್‌ಮ್ಯಾಪ್’. ಇದನ್ನು ಗಾರ್ಡನ್ ಲಯನ್ ಎಂಬವರು ೧೯೯೭ರ ಸೆಪ್ಟೆಂಬರಿನಲ್ಲಿ ‘ಫ್ರಾಕ್’ ಎಂಬ ಪತ್ರಿಕೆಯ ಮೂಲಕ ಹೊರಗೆ ತಂದರು. ಅವರು ಇಟ್ಟುಕೊಂಡ ಕಾವ್ಯನಾಮ ಫ್ಯೋದೋರ್, ದೊಸ್ತೊಯೆವ್‌ಸ್ಕಿಯ ನೆನಪಿಗಾಗಿ. ಬಿ.ಎ. ಓದಿದವರಿಗೆ ಇಂಥ ಸಂಗತಿ ಕೇಳಿದರೆ ಸ್ವಲ್ಪ ಧೈರ್ಯ ಬರುತ್ತದೆ. ೨೦೦೩ರ ‘ದಿ ಮ್ಯಾಟ್ರಿಕ್ಸ್ ರೀಲೋಡೆಡ್’ ಚಿತ್ರದಲ್ಲಿ ನಾಯಕಿ ವಿದ್ಯುತ್ ಕೇಂದ್ರದ ಕಂಪ್ಯೂಟರಿಗೆ ಲಗ್ಗೆಯಿಡುವಾಗ ಬಳಸುವುದೂ ಇದನ್ನೇ. ನಾವು ಬಳಸಿದ್ದು ಅಡಿಗೆಮನೆಯ ಮಗ್ಗುಲಲ್ಲಿ ಕುಳಿತು.

ಬರೆಯಬೇಕಾದ ಆಜ್ಞೆ ಇಷ್ಟೇ: ‘ಸುಡೋ ಎನ್‌ಮ್ಯಾಪ್’, ಅನಂತರ ಒಂದು ಅಡ್ಡಗೆರೆಗೆ ಅಂಟಿಸಿ ‘ಎಸ್‌ಎನ್’, ಅನಂತರ ೧೯೨.೧೬೮.೧.೦/೨೪. ಅಕ್ಷರಗಳೆಲ್ಲ ಇಂಗ್ಲಿಷಿನ ಚಿಕ್ಕ ಅಕ್ಷರಗಳು. ನಮ್ಮ ಮನೆಯ ವಿಳಾಸ ೧೯೨.೧೬೮.೧ ಎಂದಿದ್ದುದರಿಂದ ಹೀಗೆ. ತಮ್ಮ ಮನೆಯದು ಬೇರೆಯಿದ್ದರೆ ‘ಐಪಿ ಎ’ ಎಂಬ ಆಜ್ಞೆ ಕೊಟ್ಟರೆ ಅದು ಕಾಣಿಸುತ್ತದೆ. ‘ಎಸ್‌ಎನ್’ ಎಂದರೆ ಬಾಗಿಲು ತಟ್ಟಿ ಬಾ, ಒಳಗೆ ಇಣಿಕಿ ಕೋಣೆ ಕೋಣೆ ನೋಡಬೇಡ ಎಂದು ಅರ್ಥ. ಕೊನೆಯ ೨೪ ಎಂಬುದು ವಿಳಾಸದ ೩೨ ಅಂಕಿತಗಳಲ್ಲಿ ಮೊದಲ ೨೪ ಚಾಳಿನ ಹೆಸರು, ಉಳಿದ ಎಂಟು ಮನೆಯ ನಂಬರು ಎಂದು ತಿಳಿಸುವ ಸೂಚನೆ.

‘ಸುಡೋ’ ಎಂಬುದರ ವಿಷಯ ಬೇರೆಯಾಗಿ ಹೇಳದೆ ವಿಧಿಯಿಲ್ಲ. ಯಂತ್ರದ ಯಜಮಾನನ ಅಧಿಕಾರದಿಂದ ಈ ಕೆಲಸ ಮಾಡೆಂಬ ಮಾತು ಅದು. ನಾವು ಓದಿಕೊಳ್ಳುತ್ತ ಬರೆಯುವ ಅಭ್ಯಾಸದವರು. “ಸುಡೋ” ಎಂದು ನಾವು ಗಟ್ಟಿಯಾಗಿ ಅಂದದ್ದು ಒಳಗೆ ರೊಟ್ಟಿ ಬಡಿಯುತ್ತಿದ್ದ ತಾಯಿಯವರ ಕಿವಿಗೆ ಬಿದ್ದು, “ಏನು ಸುಡಲಿಕ್ಕೆ ಹತ್ತೀಯೋ, ಶನಿವಾರ ದಿವಸ?” ಎಂದು ಗಾಬರಿಯಿಂದ ಹೊರಗೆ ಬಂದರು. ಅಂದಿನಿಂದ ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಸುಡೋದು ಎಂದೇ ಹೆಸರು. ಆದರೆ ಆ ಮಾತನ್ನು ಬಿಟ್ಟರೆ ಫಲ ಕೆಡುತ್ತದೆ. ಯಜಮಾನಿಕೆಯಿಲ್ಲದೆ ಎನ್‌ಮ್ಯಾಪ್‌ಗೆ ತಾನೇ ಆರ್ಪ್ ಕೂಗುವ ಹಕ್ಕಿಲ್ಲ. ೮೦ ಮತ್ತು ೪೪೩ ಎಂಬ ಎರಡು ಕಿಂಡಿಗಳನ್ನು ಮಾತ್ರ ತಟ್ಟಿ ನೋಡಿ, ಉತ್ತರವಿಲ್ಲದಿದ್ದರೆ ಆ ಮನೆ ಖಾಲಿಯೆಂದು ವರದಿ ಮಾಡಿಬಿಡುತ್ತದೆ. ಕಾವಲಿನ ಗೋಡೆಯುಳ್ಳ ಯಂತ್ರಗಳು ಹೀಗೆ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತವೆ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳುವುದು ಒಳ್ಳೆಯದು. ಈ ಬಾಗಿಲು ತಟ್ಟುವ ಕೆಲಸ ತಮ್ಮ ಮನೆಯಲ್ಲಿ ಮಾತ್ರ. ಕಚೇರಿಯ ಜಾಲದಲ್ಲಾಗಲಿ, ಹೋಟೆಲಿನಲ್ಲಾಗಲಿ, ರೈಲು ನಿಲ್ದಾಣದಲ್ಲಾಗಲಿ ಅಪ್ಪಣೆಯಿಲ್ಲದೆ ಇದನ್ನು ಮಾಡತಕ್ಕದ್ದಲ್ಲ. ಒಡೆಯರ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಜಾಲಕ್ಕೆ ಕೈಹಾಕುವುದರ ಬಗೆಗೆ ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೪೩ನೆಯ ಕಲಮು ಸ್ಪಷ್ಟವಾಗಿದೆ. ಎಣಿಕೆ ಮಾಡುವುದಷ್ಟೇ ತಮ್ಮ ಉದ್ದೇಶವೆಂದು ಅಲ್ಲಿಯ ಅಧಿಕಾರಿಗೆ ವಿವರಿಸುತ್ತ ನಿಲ್ಲುವುದು ಯಾರಿಗೂ ಬೇಡ.

ಮೊದಲ ಸುತ್ತಿಗೆ ಹಿಡಿದದ್ದು ಮೂರು ಸೆಕೆಂಡಿಗೂ ಕಡಮೆ. ಓಗೊಟ್ಟದ್ದು ಆರು. ನಮ್ಮ ಲೆಕ್ಕದ ಎಂಟೂ ಇಲ್ಲ, ರೌಟರಿನ ಒಂಬತ್ತೂ ಇಲ್ಲ! ಟೆಲಿವಿಷನ್ ಆರಿಸಿತ್ತು, ಅದು ಸರಿ. ಮನೆಯವರ ಫೋನು ಮಂಚದ ಮೇಲೆ ಬಿದ್ದಿದ್ದರೂ ಪಟ್ಟಿಯಲ್ಲಿರಲಿಲ್ಲ. ಫೋನುಗಳು ಬ್ಯಾಟರಿಯನ್ನು ಉಳಿಸಲು ಆಗಾಗ ಜೋಂಪು ಹಿಡಿಯುತ್ತವೆ. ಜೋಂಪಿನಲ್ಲಿರುವಾಗ ಒಂದು ಕೂಗಿಗೆ ಕೆಲವೊಮ್ಮೆ ಏಳುವುದಿಲ್ಲ. ಎರಡನೆಯ ಸಲ ತಟ್ಟಿದಾಗ ಏಳು. ರಾತ್ರಿ ಊಟದ ಹೊತ್ತಿಗೆ ಎಂಟು. ಒಂದೇ ಸಲ ಎಣಿಸಿ ಕೈತೊಳೆದುಕೊಳ್ಳುವವರಿಗೆ ಈ ವಿದ್ಯೆ ಒಲಿಯುವುದಿಲ್ಲ. ಜನಗಣತಿಯವರು ಬೀಗ ಹಾಕಿದ ಮನೆಗೆ ಮತ್ತೆ ಮತ್ತೆ ಹೋಗುವುದೂ ಇದಕ್ಕಾಗಿಯೇ ಅಲ್ಲವೆ?

ಆದರೆ ಒಂಬತ್ತನೆಯದು ಆ ದಿನವಾಗಲಿ ಭಾನುವಾರವಾಗಲಿ ಎಷ್ಟು ಕೂಗಿದರೂ ಬರಲಿಲ್ಲ. ನಮ್ಮ ಮನೆಯವರು ಪತ್ರಿಕೆಗಳನ್ನು ಓದುವವರು. “೨೦೦೮ರಲ್ಲಿ ನವಿಮುಂಬಯಿಯಲ್ಲಿ ಏನಾಯಿತು ನೆನಪಿದೆಯೇ?” ಎಂದರು. ನೆನಪಿಲ್ಲದೆ ಏನು! ಆ ವರ್ಷದ ಜುಲೈ ೨೬ರಂದು ಅಹಮದಾಬಾದಿನ ಬಾಂಬು ಸ್ಫೋಟಗಳಿಗೆ ಕೆಲವೇ ನಿಮಿಷ ಮೊದಲು ಬಂದ ಬೆದರಿಕೆಯ ಮಿಂಚಂಚೆಯ ಜಾಡು ಹಿಡಿದು ಪೋಲೀಸರು ಸಾನಪಾಡೆಯ ಒಬ್ಬ ವಿದೇಶೀ ನಿವಾಸಿಯ ಮನೆಗೆ ಬಂದರು. ಆತನಿಗೆ ಏನೂ ತಿಳಿಯದು; ಆತನ ವೈ-ಫೈಯನ್ನು ಬೇರೆ ಯಾರೋ ಬಳಸಿಕೊಂಡಿದ್ದರು. ಮನೆಯೊಳಗೆ ಎಂಟು ವಿಳಾಸವಿರಲಿ ಎಂಬತ್ತಿರಲಿ, ಸಾಮಾನ್ಯವಾಗಿ ಹೊರಗಿನ ಲೋಕಕ್ಕೆ ಅವೆಲ್ಲ ರೌಟರಿನ ಒಂದೇ ವಿಳಾಸದಿಂದ ಬಂದಂತೆ ಕಾಣುತ್ತವೆ. ಆ ವಿಳಾಸ ಬಿಲ್ಲು ಕಟ್ಟುವವರ ಹೆಸರಿನಲ್ಲಿರುತ್ತದೆ. ಪರಸ್ಥಳದಲ್ಲಿ ಬಾಡಿಗೆ ಮನೆಯಲ್ಲಿರುವವರಿಗೆ, ಅದರಲ್ಲಿಯೂ ಸರಕಾರೀ ನೌಕರನಿಗೆ, ಬಾಗಿಲಲ್ಲಿ ಪೋಲೀಸು ನಿಂತ ಚಿತ್ರ ಹಿತವಾದುದಲ್ಲ. ಮನೆಯವರು ಪಾಸ್‌ವರ್ಡನ್ನು ಆಗಿಂದಾಗಲೇ ಬದಲಾಯಿಸಿರೆಂದರು. ನಾವು, ಬದಲಾಯಿಸಿದರೆ ಬಂದವನು ಯಾರೆಂದು ಎಂದಿಗೂ ತಿಳಿಯಲಾರದು, ನಾಲ್ಕು ದಿನ ತಾಳೋಣವೆಂದೆವು.

ಲಿನಕ್ಸಿನಲ್ಲಿ ‘ಕ್ರಾನ್’ ಎಂಬ ಹಳೆಯ ಸೇವಕನೊಬ್ಬನಿದ್ದಾನೆ. ಇಂಥ ಹೊತ್ತಿಗೆ ಇಂಥ ಕೆಲಸವೆಂದು ಒಮ್ಮೆ ಬರೆದುಕೊಟ್ಟರೆ ಸಾಕು, ಯಂತ್ರಕ್ಕೆ ವಿದ್ಯುತ್ತು ಇರುವ ತನಕ ತಪ್ಪದೆ ಮಾಡುತ್ತಾನೆ. ರಜೆಯಿಲ್ಲ, ಬಡ್ತಿಯ ಅರ್ಜಿಯಿಲ್ಲ. ಹತ್ತು ನಿಮಿಷಕ್ಕೊಮ್ಮೆ ಎಲ್ಲ ಬಾಗಿಲನ್ನೂ ತಟ್ಟಿ, ಓಗೊಟ್ಟವರ ಹೆಸರನ್ನು ಹೊತ್ತಿನ ಸಮೇತ ಒಂದು ಕಡತದಲ್ಲಿ ಬರೆದಿಡೆಂದು ಅವನಿಗೆ ಆಜ್ಞೆ ಕೊಟ್ಟು ಸೋಮವಾರ ಕಚೇರಿಗೆ ಹೋದೆವು.

ಸಂಜೆ ಬಂದು ಕಡತ ತೆರೆದರೆ, ಮಧ್ಯಾಹ್ನ ೧ ಗಂಟೆ ೫೦ ನಿಮಿಷಕ್ಕೆ ಒಂಬತ್ತನೆಯದು ಬಂದಿದೆ. ೪ ಗಂಟೆ ೧೦ ನಿಮಿಷದವರೆಗೆ ಪ್ರತಿಯೊಂದು ಸುತ್ತಿನಲ್ಲಿಯೂ ಇದೆ. ಅನಂತರ ಇಲ್ಲ. ಮಂಗಳವಾರವೂ ಹೆಚ್ಚುಕಡಮೆ ಅದೇ ಹೊತ್ತು, ಬುಧವಾರ ಇಲ್ಲ, ಗುರುವಾರ ಮತ್ತೆ. ಇಷ್ಟು ಶಿಸ್ತಿನ ಕಳ್ಳನನ್ನು ನಾವು ಕಂಡಿರಲಿಲ್ಲ. ನಮ್ಮ ಶಾಖೆಯಲ್ಲಿ ಇದ್ದಿದ್ದರೆ ಮೇಲಧಿಕಾರಿಗಳು ಮೆಚ್ಚುತ್ತಿದ್ದರು.

ಬಂದವನು ಯಾವ ಜಾತಿಯವನೆಂಬುದನ್ನೂ ಕಡತ ಹೇಳಿತು. ಪ್ರತಿಯೊಂದು ಯಂತ್ರದ ಜಾಲದ ಬಿಲ್ಲೆಗೂ ಹುಟ್ಟಿನಿಂದ ಬಂದ ಒಂದು ಗುರುತು ಉಂಟು, ೪೮ ಅಂಕಿತಗಳದು. ಅದರ ಮೊದಲ ಅರ್ಧ ತಯಾರಿಸಿದ ಕಂಪೆನಿಗೆ ಒಂದು ಅಂತರರಾಷ್ಟ್ರೀಯ ಸಂಸ್ಥೆ ಹಂಚಿಕೊಟ್ಟದ್ದು. ಆರ್ಪಿನ ಕೂಗಿಗೆ ಯಂತ್ರ ಹೇಳುವ ನಿಜವಾದ ಗುರುತು ಇದೇ. ಅದನ್ನು ನೋಡಿ ಎನ್‌ಮ್ಯಾಪ್ ಕಂಪೆನಿಯ ಹೆಸರನ್ನು ಮಗ್ಗುಲಲ್ಲಿ ಬರೆಯುತ್ತದೆ. ಫೋನುಗಳ ವಿಷಯದಲ್ಲಿ ಇದನ್ನು ಈಗ ನೆಚ್ಚುವಂತಿಲ್ಲ. ಅಂಗಡಿ ಬೀದಿಯಲ್ಲಿ ಹೋಗುವವರನ್ನು ಈ ಗುರುತಿನಿಂದ ಹಿಂಬಾಲಿಸುವುದು ಸಾಧ್ಯವಾದ್ದರಿಂದ, ೨೦೧೯ರ ಆಂಡ್ರಾಯ್ಡ್ ೧೦, ೨೦೨೦ರ ಐಓಎಸ್ ೧೪ ಇವುಗಳಿಂದೀಚೆಗೆ ಫೋನುಗಳು ಒಂದೊಂದು ಜಾಲಕ್ಕೆ ಒಂದೊಂದು ಸುಳ್ಳು ಗುರುತನ್ನು ಕಟ್ಟಿಕೊಂಡು ಬರುತ್ತವೆ. ನಮ್ಮ ಮನೆಯ ಫೋನುಗಳು ಮೂರೂ ಪಟ್ಟಿಯಲ್ಲಿ ‘ಅಜ್ಞಾತ’ ಎಂದೇ ಕಾಣಿಸಿದುವು. ಆದರೆ ಒಂಬತ್ತನೆಯದರ ಮಗ್ಗುಲಲ್ಲಿ ‘ಇಂಟೆಲ್’ ಎಂದಿತ್ತು. ಪಿಂಗಿಗೆ ಮೌನ, ಆರ್ಪಿಗೆ ಉತ್ತರ, ಬಿಲ್ಲೆ ಇಂಟೆಲಿನದು. ಮೂರನ್ನೂ ಕೂಡಿಸಿದರೆ ವಿಂಡೋಸ್ ಹಾಕಿದ ಲ್ಯಾಪ್‌ಟಾಪು ಇರಬಹುದೆಂದು ಊಹೆ ಕಟ್ಟಿದೆವು. ನಮ್ಮ ಮನೆಯಲ್ಲಿ ಲ್ಯಾಪ್‌ಟಾಪೇ ಇಲ್ಲ.

ಗುರುವಾರ ರಾತ್ರಿ ಊಟಕ್ಕೆ ಕುಳಿತಾಗ ಇದನ್ನೆಲ್ಲ ಮನೆಯವರಿಗೆ ಗಂಭೀರವಾಗಿ ವಿವರಿಸಿದೆವು: ಮಧ್ಯಾಹ್ನ ಎರಡರಿಂದ ನಾಲ್ಕು, ಬುಧವಾರ ರಜೆ, ಲ್ಯಾಪ್‌ಟಾಪು. ತಾಯಿಯವರು ಮಜ್ಜಿಗೆ ಬಡಿಸುತ್ತಿದ್ದರು.

“ಅದು ಮ್ಯಾಲಿನ ಮನಿ ಹುಡುಗೀದು,” ಎಂದರು. “ಬುಧವಾರ ಆಕಿಗೆ ಕ್ಲಾಸ್ ಇರತದ.”

ನಮ್ಮ ತಂದೆಯವರು ೨೦೨೩ರಲ್ಲಿ ತೀರಿಕೊಂಡ ತರುವಾಯ ತಾಯಿಯವರು ಗದಗಿನ ಮನೆಗೆ ಬೀಗ ಹಾಕಿ ನಮ್ಮಲ್ಲಿಗೆ ಬಂದರು. ನಾವಿಬ್ಬರೂ ಬೆಳಿಗ್ಗೆ ಎಂಟೂಕಾಲರ ಲೋಕಲಿಗೆ ಹೊರಡುವವರು. ಮಗ ಶಾಲೆಯಿಂದ ಬರುವುದು ಐದಕ್ಕೆ. ಅವರಿಗೆ ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ಮಧ್ಯಾಹ್ನದ ಹೊತ್ತು ಹೇಗೆ ಹೋಗುತ್ತದೆಂದು ಕೇಳಿದಾಗಲೆಲ್ಲ, “ಹೋಗತದ” ಎಂಬುದೇ ಅವರ ಉತ್ತರವಾಗಿತ್ತು. ಕೇಳಿದಷ್ಟಕ್ಕೆ ಉತ್ತರ, ಹೆಚ್ಚಿಗೆ ಒಂದು ಮಾತಿಲ್ಲ.

ಈಗ ಒಂದೊಂದಾಗಿ ವಿಷಯ ಹೊರಬಿತ್ತು. ಮೇಲಿನ ಮಹಡಿಯ ಹುಡುಗಿ ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದಾಳೆ. ಅವರ ಮನೆಯಲ್ಲಿ ಜಾಲದ ಸಂಪರ್ಕವಿಲ್ಲ. ಮಧ್ಯಾಹ್ನ ಅಣ್ಣನ ಇಬ್ಬರು ಚಿಕ್ಕ ಮಕ್ಕಳ ಗಲಾಟೆ ಬೇರೆ. ಒಂದು ದಿನ ಮೆಟ್ಟಿಲಿನ ಮೇಲೆ ಪುಸ್ತಕ ಹಿಡಿದು ಕುಳಿತಿದ್ದಳಂತೆ. ತಾಯಿಯವರು ಕೈಸನ್ನೆಯಿಂದ ಒಳಗೆ ಕರೆದು, ಕಿಟಕಿಯ ಹತ್ತಿರ ಚಾಪೆ ಹಾಸಿದರು. ಪಂಚಾಂಗದ ಹಿಂದೆ ನಮ್ಮ ಮನೆಯವರು ಬರೆದಿಟ್ಟಿದ್ದ ಪಾಸ್‌ವರ್ಡನ್ನು ತೋರಿಸಿದರು. ಹುಡುಗಿ ಓದುತ್ತಾಳೆ, ಇವರು ಕಾಳು ಆರಿಸುತ್ತಾರೆ. ಮೂರೂವರೆಗೆ ಚಹ. ಚಹದ ಅನಂತರ ಅರ್ಧ ಗಂಟೆ ಪಾಠ. ಯಾರಿಗೆ ಪಾಠ? ತಾಯಿಯವರು ತಮ್ಮ ಟ್ರಂಕಿನಿಂದ ನೂರು ಪುಟದ ಒಂದು ನೋಟ್‌ಬುಕ್ಕನ್ನು ತಂದು ತೋರಿಸಿದರು. ಎಡಗಡೆ ಅವರ ದುಂಡಗಿನ ಕನ್ನಡದಲ್ಲಿ ಒಂದು ಮಾತು, ಬಲಗಡೆ ಹೊಸದಾಗಿ ಕಲಿತ ಬಾಲಬೋಧ ಅಕ್ಷರದಲ್ಲಿ ಅದರ ಮರಾಠಿ. ಬೆಲ್ಲ, ಗೂಳ್. ತುಪ್ಪ, ತೂಪ್. ಕೊತ್ತಂಬರಿ, ಕೋಥಿಂಬೀರ್. ಮೊಮ್ಮಗ, ನಾತೂ. ನೆರೆಮನೆ, ಶೇಜಾರ್. ಅರುವತ್ತೇಳು ಪುಟ ತುಂಬಿದ್ದುವು. ಓಣಿಯ ಕಿರಾಣಿ ಅಂಗಡಿಯ ಫಲಕವನ್ನು ಅವರು ಈಗ ತಾವೇ ಓದುತ್ತಾರೆಂಬುದು, ಎರಡು ವರ್ಷಗಳಿಂದ ಅದೇ ಅಂಗಡಿಗೆ ಹೋಗುತ್ತಿರುವ ನಮಗೆ ಆ ರಾತ್ರಿ ತಿಳಿಯಿತು.

ಪಾಸ್‌ವರ್ಡಿನ ಪ್ರಶ್ನೆ ಹಾಗೆಯೇ ಉಳಿದಿತ್ತು. ಪೋಲೀಸಿನ ಮಾತನ್ನು ತಾಯಿಯವರಿಗೆ ಹೇಳಿದಾಗ, “ಆ ಹುಡುಗಿ ಏನು ಬಾಂಬ್ ಹಾಕತಾಳೇನು? ಆಕಿಗೆ ಗ್ಯಾಸ್ ಹಚ್ಚಲಿಕ್ಕೆ ಬರೋದಿಲ್ಲ,” ಎಂದರು. ಮಾತು ನಿಜವೇ, ಆದರೆ ಮನೆಯವರ ಆತಂಕವೂ ಸುಳ್ಳಲ್ಲ. ಪಂಚಾಂಗದ ಹಿಂದೆ ಬರೆದಿಟ್ಟದ್ದು ಗ್ಯಾಸ್ ತರುವವರಿಗೂ ಕಾಣುತ್ತದೆ. ಹುಡುಗಿ ಒಳ್ಳೆಯವಳಾದ ಮಾತ್ರಕ್ಕೆ ಅವಳ ಲ್ಯಾಪ್‌ಟಾಪಿಗೆ ಯಾವ ರೋಗವೂ ತಗಲಿಲ್ಲವೆಂದು ಹೇಳಲಾಗದು.

ನಮ್ಮ ರೌಟರಿನಲ್ಲಿಯೂ ಈಗಿನ ಬಹುತೇಕ ರೌಟರುಗಳಲ್ಲಿರುವಂತೆ ‘ಅತಿಥಿ ಜಾಲ’ ಎಂಬ ಏರ್ಪಾಡು ಉಂಟು. ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡು. ಅತಿಥಿಗಳು ಹೊರಗಿನ ಲೋಕವನ್ನು ನೋಡಬಹುದು. ಮನೆಯ ಒಳಗಿನ ಯಂತ್ರಗಳು ಅವರಿಗೆ ಕಾಣಿಸುವುದಿಲ್ಲ. ಜಗುಲಿಯಲ್ಲಿ ಕುಳ್ಳಿರಿಸಿ ಪಾನಕ ಕೊಟ್ಟಂತೆ. ಇದೇ ನ್ಯಾಯವೆಂದು ನಾವಿಬ್ಬರೂ ಒಪ್ಪಿ ಹುಡುಗಿಯ ಯಂತ್ರವನ್ನು ಅಲ್ಲಿಗೆ ಕಳುಹಿಸಿದೆವು. ಎರಡು ದಿನ ಚೆನ್ನಾಗಿ ನಡೆಯಿತು. ಮೂರನೆಯ ದಿನ ಅವಳು ಹಾಲ್ ಟಿಕೆಟ್ಟಿನ ಪ್ರತಿ ತೆಗೆಯಬೇಕಾಗಿ ಬಂತು. ಪ್ರಿಂಟರು ಒಳಗಿನ ಜಾಲದಲ್ಲಿತ್ತು. ನಮ್ಮ ಮನೆಯವರು ಸ್ವಲ್ಪ ಹೊತ್ತು ಯೋಚಿಸಿ, “ಒಳಗೇ ಬರಲಿ ಬಿಡಿ,” ಎಂದರು. ಅವರೇ ಕುಳಿತು ಆ ಲ್ಯಾಪ್‌ಟಾಪಿನ ರೋಗನಿರೋಧಕವನ್ನು ಪರೀಕ್ಷಿಸಿ, ತಪ್ಪಿದ್ದ ಹೊಸತುಗಳನ್ನೆಲ್ಲ ಹಾಕಿಸಿದರು. ಒಳಗಿನ ಪಾಸ್‌ವರ್ಡು ಬದಲಾಯಿತು, ಪಂಚಾಂಗದ ಹಿಂದಿನ ಚೀಟಿ ಹೋಯಿತು. ಅತಿಥಿ ಜಾಲ ಈಗ ನಿಜವಾದ ಅತಿಥಿಗಳಿಗೆ.

ನಾವು ರೌಟರಿನಲ್ಲಿ ಅವಳ ಯಂತ್ರಕ್ಕೆ ೧೯೨.೧೬೮.೧.೩೦ ಎಂಬ ವಿಳಾಸವನ್ನು ಖಾಯಮಾಗಿ ಬರೆದುಕೊಟ್ಟೆವು; ಇನ್ನು ಅದಕ್ಕೆ ದಿನದಿನದ ಗೇಣಿಯ ಅನಿಶ್ಚಯವಿಲ್ಲ. ಲಿನಕ್ಸಿನಲ್ಲಿ ‘ಐಪಿ ನೇಬರ್’ ಎಂಬ ಇನ್ನೊಂದು ಚಿಕ್ಕ ಆಜ್ಞೆಯಿದೆ. ನಮ್ಮ ಕಂಪ್ಯೂಟರು ಇತ್ತೀಚೆಗೆ ಯಾರುಯಾರೊಡನೆ ಮಾತಾಡಿತೆಂಬುದನ್ನು ಅದು ತೋರಿಸುತ್ತದೆ: ಕೆಲವರು ‘ಸಿಕ್ಕುತ್ತಾರೆ’, ಕೆಲವರ ಸುದ್ದಿ ‘ಹಳಸಿದೆ’, ಕೆಲವರು ‘ಸಿಕ್ಕಲಿಲ್ಲ’. ರಜೆಯ ದಿನ ನಾವು ಅದನ್ನು ಓದಿ ಹೇಳುವಾಗ ತಾಯಿಯವರೂ ಬಂದು ನಿಲ್ಲುತ್ತಾರೆ. ಅವರಿಗೆ ತಿಳಿಯಬೇಕಾದದ್ದು ಮೂವತ್ತನೆಯ ನಂಬರಿನ ಸುದ್ದಿ ಮಾತ್ರ.

ಕ್ರಾನ್ ಇನ್ನೂ ಬರೆಯುತ್ತಲೇ ಇದ್ದಾನೆ. ನಾವು ಸಾಕೆಂದು ಹೇಳಿಲ್ಲ. ಕಡತ ಬೆಳೆದು ಈಗ ಸಾವಿರಾರು ಸಾಲುಗಳಾಗಿವೆ. ಕಳೆದ ತಿಂಗಳು ಊರಿನಿಂದ ಅಣ್ಣನ ಸಂಸಾರವೂ ಅತ್ತಿಗೆಯ ತಂಗಿಯರೂ ಬಂದು ನಾಲ್ಕು ದಿನ ಇದ್ದಾಗ, ಒಂದು ರಾತ್ರಿ ಒಳಗಿನದೂ ಅತಿಥಿಗಳದೂ ಸೇರಿ ರೌಟರಿನ ಪಟ್ಟಿ ಹದಿನೇಳಕ್ಕೆ ಏರಿತು. ಮನೆಯಲ್ಲಿದ್ದ ಜನ ಹತ್ತ. ಎಲ್ಲರ ಫೋನುಗಳನ್ನೂ ಲೆಕ್ಕಕ್ಕೆ ತಂದ ಮೇಲೂ ಒಂದು ಉಳಿಯಿತು. ಹುಡುಕಿ ಹುಡುಕಿ ನೋಡಿದರೆ ಅದು ಅತ್ತಿಗೆಯ ತಂಗಿಯ ಕೈಗಡಿಯಾರ.